ಲಾಭ, ಎರಡು, ಮೂರು

ಬೇರಿಕೆಯಲ್ಲಿ ಕಾಳು ಅಳೆಯುವವರು
ಒಂದು ಎನ್ನುವುದಿಲ್ಲ.
ಮೊದಲ ಸೇರು ಸುರಿದು 'ಲಾಭ' ಎನ್ನುತ್ತಾರೆ,
ಆಮೇಲೆ ಎರಡು, ಆಮೇಲೆ ಮೂರು.
ನಮ್ಮಪ್ಪ ಪಿಳ್ಳಪ್ಪ ಹಾಗೇ ಅಳೆದ, ನಾನೂ ಹಾಗೇ ಕಲಿತೆ.
ತೆಲುಗಿನವರು ಬಂದರೂ ತಮಿಳಿನವರು ಬಂದರೂ
ಆ ಒಂದು ಮಾತನ್ನು ಮಾತ್ರ
ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಸಲ ಮಂಜು ಸರಿಯಾಗಿ ಬೀಳಲಿಲ್ಲ,
ಅವರೆಗೆ ಸೊಗಡು ಕೂರಲಿಲ್ಲ.
ಇದ್ದದ್ದೇ ನಾಲ್ಕು ಚೀಲ ಒಣಕಾಳು, ಅದಕ್ಕೇ ಗತ್ತು;
ಕಿಲೋ ನೂರಾ ಎಪ್ಪತ್ತು ಅಂತ ಕೂತ ಚೌಡಪ್ಪ.
ಮಿಕ್ಸ್ಚರ್ ಫ್ಯಾಕ್ಟರಿಯ ಕಲೀಮುಲ್ಲಾ ಸಾಹೇಬರು
ಟವೆಲಿನಡಿ ಕೈ ತೂರಿಸಿ
ಅವನ ಒಂದು ಬೆರಳು ಹಿಡಿದರು, ಇನ್ನೊಂದು ಹಿಡಿದರು,
ಬಿಟ್ಟರು.
'ಬೇಡ ಬಿಡಪ್ಪ, ಹಡಗಿನದು ಬರ್ತಾ ಇದೆ.'

ಬಂತು.
ಆಸ್ಟ್ರೇಲಿಯದ ಕಾಳು, ಇಪ್ಪತ್ತೈದು ಕಿಲೋ ಚೀಲ,
ದಾರದ ತುದಿ ಹಿಡಿದು ಎಳೆದರೆ ಸರ್ರನೆ ಬಾಯಿ ಬಿಡುವ ಹೊಲಿಗೆ.
ಅಂಗೈಗೆ ಸುರಿದುಕೊಂಡು ನೋಡಿದೆ:
ನಮ್ಮ ಅವರೆಗೆ ಬಿಳಿ ಹುಬ್ಬು,
ಇದಕ್ಕೆ ಕಾಡಿಗೆ ತೀಡಿದ ಹಾಗೆ ಕಪ್ಪು.
ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ.
ಹಡಗಿನದೂ ಇಲ್ಲ, ಸಮುದ್ರದ್ದೂ ಇಲ್ಲ.

'ಇದರ ದರ ಕಟ್ಟೋದು ಯಾರು ಸಾಹೇಬರೇ?'
'ಕೈರೋದವರು.'
ಅಲ್ಲಿ ಬೆಳಗಿನ ತಿಂಡಿಗೆ ಇದೇ ಕಾಳಂತೆ,
ರಾತ್ರಿಯಿಡೀ ಕಿರುಬಾಯಿ ಮಡಕೆಯಲ್ಲಿ ಬೇಯುತ್ತದಂತೆ.
ರಂಜಾನಿಗೆ ಎರಡು ತಿಂಗಳಿರುವಾಗ ಏರುತ್ತದೆ,
ಅಲ್ಲಿಯ ನೋಟು ಡಾಲರಿನೆದುರು ಬಿದ್ದರೆ
ಕೊಳ್ಳುವವರಿಲ್ಲದೆ ಇದೂ ಬೀಳುತ್ತದೆ.
ರಾತ್ರಿ ಹನ್ನೊಂದಕ್ಕೆ ಸಾಹೇಬರ ಫೋನು ಟಿಣ್ ಎಂದರೆ
ಬೆಳಿಗ್ಗೆ ನಾನು ಸ್ಲೇಟು ಒರೆಸಿ
ಬೇರೆ ಅಂಕಿ ಬರೆಯುತ್ತಿದ್ದೆ,
ನೋಡದ ಊರಿನ ಹಸಿವು, ನನ್ನ ಸೀಮೆಸುಣ್ಣ.

ಹಿತಕಲು ಹನ್ನೊಂದು ಜನ ಹೆಂಗಸರು.
ನೆನೆದ ಅವರೆಯಾದರೆ ಹೆಬ್ಬೆರಳು ಸ್ವಲ್ಪ ಒತ್ತಿದರೆ ಸಾಕು,
ಪುಳಕ್ಕನೆ ಚಿಮ್ಮಿ ಎದುರಿನವಳ ಮಡಿಲಿಗೇ ಬೀಳುತ್ತದೆ.
ಇದು ಹಾಗಲ್ಲ. ಉಗುರು ಹಾಕಿ ಸೀಳಬೇಕು.
'ಕಾಳೋ ರೆಕ್ಸಿನ್ನೋ!' ಎಂದಳು ವೆಂಕಟಲಚ್ಚಮ್ಮ.
ಕಿಲೋ ಲೆಕ್ಕದ ಕೂಲಿ, ಹದಿನೈದು ಇಳಿಯುತ್ತಿದ್ದವಳು
ಎಂಟಕ್ಕೇ ಸುಸ್ತು.
ಉಗುರಿನ ದರ ಮಾತ್ರ
ಯಾವ ರಾತ್ರಿಯೂ ಯಾವ ಫೋನಿನಲ್ಲೂ ಬರಲಿಲ್ಲ.

ಒಂದು ದಿನ ಚೀಲದ ತಳದಲ್ಲಿ ಒಂದು ಹೆಂಟೆ ಸಿಕ್ಕಿತು,
ಸೂಳಗಿರಿ ದಾರಿಯ ಮಣ್ಣಿನಷ್ಟೇ ಕೆಂಪಗೆ.
ತೂಗಿದೆ: ನಲವತ್ತು ಗ್ರಾಂ.
ಮಣ್ಣು ಕಡ್ಡಿ ಎಂದು ಚೌಡಪ್ಪನ ಚೀಲಕ್ಕೆ
ಎರಡು ಕಿಲೋ ಸೂಟು ಮುರಿಯುತ್ತೇವಲ್ಲ,
ಇದಕ್ಕೆಷ್ಟು ಎಂದು ಕೇಳಿದೆ.
ಸಾಹೇಬರು ನಕ್ಕರು.
'ಅದಕ್ಕೂ ಡಾಲರು ಕೊಟ್ಟಿದ್ದೀನಮ್ಮ, ಇಟ್ಕೋ.'
ಇಟ್ಟುಕೊಂಡೆ. ಫ್ಯಾನು ಹಾಕಿದಾಗ
ಬಿಲ್ಲುಗಳು ಹಾರದಂತೆ ಅದೇ ಈಗ ಭಾರ.

ಆಮೇಲೆ ಫೋನು ಸುಮ್ಮನಾಯಿತು.
ಗೋಡೌನಿನಲ್ಲಿ ಅರವತ್ತು ಟನ್ನು,
ಕಿಲೋ ಮೇಲೆ ಹದಿನೆಂಟು ರೂಪಾಯಿ ಒಳಗೆ.
ಚೌಡಪ್ಪನೂ ನೂರಾ ಹತ್ತಕ್ಕೆ ಇಳಿದಿದ್ದ,
ಅವನ ಕಾಳಿಗೆ ಅಷ್ಟರಲ್ಲಿ ಹುಳ ಬಿದ್ದಿತ್ತು.
ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು
ಒಂದೇ ಟೀ ಎರಡು ಲೋಟ ಮಾಡಿಕೊಂಡರು.

ಕೊನೆಗೆ ದನದ ಮೇವಿಗೆ ಕೇಳಿಕೊಂಡು
ಒಬ್ಬ ಬಂದ, ಕುಪ್ಪಂ ಕಡೆಯವನು.
ತಕ್ಕಡಿಯ ಮೇಲೆ ನಂಬಿಕೆಯಿಲ್ಲ, ಸೇರಿನಲ್ಲೇ ಅಳೆಯಿರಿ ಎಂದ.
ಸಾಹೇಬರು ಬಾಗಿಲ ಹತ್ತಿರ ನಿಂತಿದ್ದರು,
ನನ್ನ ಕಡೆ ನೋಡಲಿಲ್ಲ.
ಮೊದಲ ಸೇರು ತುಂಬಿದೆ, ತಲೆ ಸವರಿದೆ, ಸುರಿದೆ.
ನಾಲಿಗೆ ಒಂದು ಗಳಿಗೆ ತಡವರಿಸಿತು.
ಏನೆನ್ನಲಿ?
ಆ ಜಾಗಕ್ಕೆ ಬೇರೆ ಅಂಕಿ
ನಮ್ಮಪ್ಪ ನನಗೆ ಕಲಿಸಿಲ್ಲ.