ಚಕ್ಕುಬಂದಿ

ಒಂದೇ ಮನೆಯಿಂದ ಹೊರಟು, ಬೇರೆ ಬೇರೆಯಾಗಿ
ಮೂರು ವರ್ಷಕ್ಕೊಮ್ಮೆ ಕೋರ್ಟಿನೆದುರಿನ ಈ ಕಟ್ಟೆಗೆ ಬರುತ್ತೇವೆ:
ಕೆಳಮನೆಯ ತೀರ್ಥಲಿಂಗಪ್ಪನವರು ಸ್ಕೂಟರಿನಲ್ಲಿ,
ಮೇಲ್ಮನೆಯ ನಾನು ಸಿಟಿ ಬಸ್ಸಿನಲ್ಲಿ.
ಮೊದಲು ಬಂದವರು ಕಾಫಿ ಹೇಳಬೇಕು.
ಅದು ಪತ್ರದಲ್ಲಿಲ್ಲದ ಕರಾರು.

ನಾಗೋಜಿರಾಯರು ಹೊಸದೇನೂ ಬರೆಯುವುದಿಲ್ಲ.
ಹಳೆಯ ಪತ್ರವನ್ನು ಪರದೆಗೆ ತಂದು
ತಾರೀಖು ಅಳಿಸಿ ತಾರೀಖು ಕೂರಿಸುತ್ತಾರೆ.
"ಜಯಶೀಲಿ... ಕೋಂ?"
"ಬಿನ್."
"ಇನ್ನೂ ಬಿನ್ನೇನಾ?"
"ಬಿನ್ನೇ ರಾಯರೇ. ಬಿನ್ ಅಂತೋಣಿ.
ಅಪ್ಪ ತೀರಿಕೊಂಡ ಮೇಲೂ ಬಿನ್."
ಈ ನಗೆಯೂ ಮೂರು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ.

ಐದು ಲಕ್ಷ. ಅಕ್ಷರದಲ್ಲಿ, ಐದು ಲಕ್ಷ ರೂಪಾಯಿ ಮಾತ್ರ.
ಆ 'ಮಾತ್ರ'ದೊಳಗೆ ಮೆಗ್ಗಾನ್ ಆಸ್ಪತ್ರೆಯ ಎಕ್ಸ್‌ರೇ ಕೋಣೆ,
ಹನ್ನೊಂದು ವರ್ಷದ ರಾತ್ರಿಪಾಳಿ,
"ಉಸಿರು ಹಿಡೀರಿ, ಹಿಡೀರಿ, ಬಿಡಿ" ಎಂದ ನನ್ನದೇ ದನಿ.
ಮನೆಗೆ ಬಾಡಿಗೆಯಿಲ್ಲ, ಹಣಕ್ಕೆ ಬಡ್ಡಿಯಿಲ್ಲ.
ಭೋಗಕ್ಕೊಂದು ಒತ್ತು ಬಿದ್ದರೆ ಭೋಗ್ಯ.

ಹಣ ಎಲ್ಲಿದೆಯೆಂದು ನಾನು ಕೇಳಬೇಕಿಲ್ಲ.
ನನ್ನ ತಲೆಯ ಮೇಲೇ ಇದೆ.
ಎರಡನೇ ಮಹಡಿ ಎಂದು ಶುರುಮಾಡಿ
ಎದೆಮಟ್ಟಕ್ಕೆ ನಿಲ್ಲಿಸಿದ ಒಂಬತ್ತು ಕಂಬ,
ತುದಿಯಲ್ಲಿ ತುಕ್ಕು ಹಿಡಿದ ಸರಳು.
ಮಾಂಸವಿಲ್ಲದ ಎಲುಬು ನೋಡಿ
ಯಾರದೆಂದು ಹೇಳಬಲ್ಲವಳು ನಾನು.
ಎರಡು ಕಂಬಕ್ಕೆ ಹಗ್ಗ ಬಿಗಿದು
ನನ್ನ ದುಡ್ಡಿನ ಮೇಲೆ ನನ್ನ ಸೀರೆ ಒಣಹಾಕುತ್ತೇನೆ.

ಈ ಸಲ ವಾಪಸು ಕೇಳಬೇಕೆಂದೇ ಬಂದಿದ್ದೆ.
ಗೋಪಾಳದಲ್ಲೊಂದು ಚಿಕ್ಕ ಫ್ಲಾಟು ನೋಡಿದ್ದೆ,
ಮುಂಗಡಕ್ಕೆ ಕೈಸಾಲ ಬೇಡವೆಂದು ಲೆಕ್ಕ ಹಾಕಿದ್ದೆ.
ವಿನೋಬನಗರದಿಂದ ಕೋರ್ಟಿಗೆ ಬಸ್ಸು ನಿಂತಲ್ಲೆಲ್ಲ
ಮಾತು ಬದಲಿಸಿ ಬದಲಿಸಿ ನೋಡಿದೆ:
ಅವಧಿ ಮುಗೀತಲ್ಲ ಯಜಮಾನರೇ;
ಬೇಜಾರು ಮಾಡ್ಕೋಬೇಡಿ;
ಪೂರ್ತಿ ಅಲ್ಲದಿದ್ದರೆ ಅರ್ಧ...

ಅವರಾಗಲೇ ಬಂದು ಕಾಫಿ ಹೇಳಿದ್ದರು.
ನನ್ನ ಲೋಟದ ಮೇಲೆ ಪೇಪರ್ ಮುಚ್ಚಿಟ್ಟಿದ್ದರು, ಆರದಿರಲೆಂದು.
"ಜಯಮ್ಮ, ಮೇಲಿನ ಟ್ಯಾಂಕು ತೊಳೆಸಿದೀನಿ,"
ಅಂದರು, ನನ್ನ ಚಪ್ಪಲಿ ನೋಡುತ್ತ.
ಒಂಬತ್ತು ವರ್ಷದಲ್ಲಿ ನಾನೇ ತೊಳೆಸಿಕೊಂಡ ಟ್ಯಾಂಕು.
ಲೆಕ್ಕವೆಲ್ಲ ಅಷ್ಟರಲ್ಲೇ ಕೇಳಿಸಿತು.

ಒದ್ದೆ ಜಮಖಾನ ಹಿಂಡುವವರ ಹಾಗೆ
ಎದುರುಬದುರು ನಿಂತಿದ್ದೇವೆ ನಾವು.
ಯಾರು ಕೈ ಬಿಟ್ಟರೂ
ಮಣ್ಣಾಗುವುದು ಜಮಖಾನ.
ಕಾಫಿ ಕುಡಿದೆ. ಆರಿರಲಿಲ್ಲ.

ರಾಯರು ಓದುತ್ತಿದ್ದರು:
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ಸದರಿ ಸ್ವತ್ತಿನ ಚಕ್ಕುಬಂದಿ:
ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಷಡಕ್ಷರಪ್ಪನವರ ಮನೆ.
ಉತ್ತರಕ್ಕೆ ಚರಂಡಿ. ದಕ್ಷಿಣಕ್ಕೆ ಖಾಲಿ ನಿವೇಶನ.

"ನಿಲ್ಲಿಸಿ," ಅಂದೆ.
ಖಾಲಿ ಎಲ್ಲಿದೆ ರಾಯರೇ?
ನಾಲ್ಕಂತಸ್ತಿನ ಹಾಸ್ಟೆಲ್ಲು ಎದ್ದು ಐದು ವರ್ಷ.
ಬೆಳಿಗ್ಗೆ ಹತ್ತಕ್ಕೂ ದೀಪ ಹಾಕಿ ಸಾರು ಕುದಿಸುತ್ತೇನೆ.
ಹುಡುಗರ ಹಲ್ಲುಜ್ಜುವ ಸದ್ದು ನನ್ನ ಬಚ್ಚಲಿಗೆ ಬರುತ್ತದೆ.
ಖಾಲಿ ಅಂತ ನಾನು ಸಹಿ ಹಾಕುವುದಿಲ್ಲ.

"ಮೂಲಪತ್ರದಲ್ಲಿ ಹಾಗೇ ಇದೆಯಮ್ಮ,
ನಾವು ತಿದ್ದಕ್ಕೆ ಬರಲ್ಲ."

ತೀರ್ಥಲಿಂಗಪ್ಪನವರು ಮೊದಲ ಸಲ ತಲೆಯೆತ್ತಿದರು.
"ಬರೀರಿ ರಾಯರೇ. ಆಯಮ್ಮ ಹೇಳಿದ ಹಾಗೆ ಬರೀರಿ."
ಕೊಡಲು ಅವರ ಹತ್ತಿರ ಇದ್ದದ್ದು ಅದು.

ಟಕ್ ಟಕ್. ಖಾಲಿ ಹೋಯಿತು. ಕಟ್ಟಡ ಬಂತು.
ಸಹಿ ಹಾಕಿದೆವು, ಹಾಳೆಗೊಂದರಂತೆ.
ನೋಟರಿಯ ದುಡ್ಡು ಅವರು ಕೊಟ್ಟರು.
"ಮುಂದಿನ ಸಲ ಖಂಡಿತ..." ಎಂದು
ಬರಿದಾದ ಲೋಟವನ್ನು ಇನ್ನೊಮ್ಮೆ ತುಟಿಗೆತ್ತಿದರು.

ಸಂಜೆ ದಕ್ಷಿಣದ ಗೋಡೆಗೆ
ಕ್ಯಾಲೆಂಡರಿಗೆಂದು ಒಂದು ಮೊಳೆ ಹೊಡೆದೆ.
ಮೂರು ಏಟು. ಸಿಮೆಂಟಿನ ಪುಡಿ ಬಿತ್ತು.
ಕೆಳಮನೆಯ ಟಿವಿ
ಒಂದು ಗಳಿಗೆ ಸುಮ್ಮನಾಗಿ
ಮತ್ತೆ ಮಾತಾಡತೊಡಗಿತು.