ಬಂದ ಉದ್ದೇಶ

ಅಕಿ ಹೆಸರು ಮಾರಿ.
ಕೇಳಿದ್ದೇ ತಡ ನಮ್ಮತ್ತಿ ಎರಡೂ ಕೈ ಮುಗದ್ಲು.
ಅವನ ಹೆಸರು ಒನ್ನಿ,
ಹುಡುಗರ ಬಾಯಾಗ ಮೂರೇ ದಿನಕ್ಕ ಓಣಿ ಆತು.
"ಓಣಿ ಎಲ್ಲಿ ಹೋತು?" ಅಂತ ಕೂಗ್ತಾವು,
"ಓಣ್ಯಾಗ ಐತಿ" ಅಂತ ಬಿದ್ದು ಬಿದ್ದು ನಗ್ತಾವು.

ಫಿನ್ಲೆಂಡಂತ. ಫೋನಿನ್ಯಾಗ ನಕಾಶೆ ತೋರಿಸಿದ್ಲು,
ಎರಡು ಬೆರಳಿಲೆ ಹಿಗ್ಗಿಸಿದಂಗ ಬರೀ ಕೆರಿ, ಕೆರಿ, ಕೆರಿ.
ಇಷ್ಟು ನೀರಿದ್ದವರು
ಆನೆಗುಂದಿ ಕಲ್ಲಿನ ನಡುವ ಬಂದಾರಲ್ಲ,
ನಲ್ಲಿ ದಿನಾ ಬಿಟ್ಟು ದಿನ ಬರೋ ಊರಿಗೆ!

ಮ್ಯಾಗಿನ ಖೋಲಿ, ಆರು ತಿಂಗಳ ಬಾಡಿಗಿ.
ಬಾಳಿನಾರಿನ ಬುಟ್ಟಿ ಹೆಣಿಯೋ ಶೆಡ್ಡಿನ್ಯಾಗ
ಅಕಿಗೆ ಲೆಕ್ಕ, ಫೋಟೋ, ಪಾರ್ಸಲ್ಲು.
ಅಂವ ಸಣಾಪುರದಾಗ
ಕಲ್ಲು ಹತ್ತೋ ಮಂದಿಗೆ ಗಾದಿ ಹೊರತಾನ.
ಮಲಗಾಕ ಅಲ್ಲ, ಬೀಳೋರಿಗಂತ ಗಾದಿ.
ಹತ್ತತಾರ, ಇಳೀತಾರ, ತಿರುಗಿ ಅದೇ ಕಲ್ಲು.
ಮ್ಯಾಗ ಏನೈತಿ ಅಂದೆ.
ಏನಿಲ್ಲ ಅಂದ.

ಇದು ರಜಾ ಅಂತಾರ. ಕೆಲಸಾನೂ ಅಂತಾರ.
ನನಗ ತಿಳೀಲಿಲ್ಲ.
ಅಮಾಸಿಗೆ ಎತ್ತಿಗೆ ರಜಾ,
ನನಗ ಹೋಳಿಗಿ.

ಪರದೇಶದವರನ್ನ ಇಟಗೊಂಡ್ರ ಮನಿಯವರು ಬರಕೊಡಬೇಕಂತ,
ಗಂಗಾವತಿ ಸೈಬರಿಗೆ ಹೋದ್ವಿ.
ಹೆಸರು, ಪಾಸ್‌ಪೋರ್ಟು, ಎಲ್ಲಿಂದ, ಎಷ್ಟು ದಿನ,
ಟಕಟಕ ಹೊಡಕೋತ ಬಂದ ಹುಡುಗ ನಿಂತ:
"ಬಂದ ಉದ್ದೇಶ ಏನು ಹಾಕ್ಲಿ ಅಕ್ಕಾ?"
ನಾ ಮಾರಿ ಮಾರಿ ನೋಡಿದೆ.
ಮಾರಿ ಓಣಿ ಮಾರಿ ನೋಡಿದ್ಲು.
ಓಣಿ ಗೋಡಿಮ್ಯಾಗಿನ ಹಲ್ಲಿ ನೋಡಿದ.
ಹುಡುಗ ತಾನೇ ಏನೋ ಒಂದು ಒತ್ತಿದ.

ಮಂಗ್ಯಾ ಅವರ ಟೂತ್‌ಪೇಸ್ಟ್ ಒಯ್ತು.
ಕುಕ್ಕರ್ ಸೀಟಿಗೆ ಅಂವ ಬರಿಗಾಲಿಲೆ ಹೊರಗ ಓಡಿ ಬಂದ.
ಒಗ್ಗರಣಿ ಕೂಡ ಮಿರ್ಚಿ ಕೊಟ್ರ
ಕಣ್ಣು ಒರಸಿಕೋತ ಇನ್ನೊಂದು ಅಂದ್ಲು.
ಹಗ್ಗದ ಮ್ಯಾಲೆ ನನ್ನ ಲಂಗದ ಬಾಜೂಕ
ಉಣ್ಣಿ ಕಾಲ್ಚೀಲ ಒಂದು ಜೋಡಿ.
ಮಾರ್ಚದಾಗ ಉಣ್ಣಿ ಯಾಕಬೇ ಅಂದ್ರ
"ಅವ್ವ" ಅಂತ ಅಷ್ಟೇ ಅಂದ್ಲು, ಕನ್ನಡದಾಗ.

ಏಪ್ರಿಲ್. ರಾತ್ರಿ ಹತ್ತಾದ್ರೂ ಕಲ್ಲು ಕಾವು ಬಿಡವಲ್ಲವು.
ಕರೆಂಟ್ ಹೋದ ಒಂದಿನ ಮ್ಯಾಗ ಜಗಳ ಹತ್ತಿತು.
ಒಂದು ಶಬ್ದ ತಿಳೀಲಿಲ್ಲ,
ತಿಳೀಲಾರದ್ದು ಏನೂ ಉಳೀಲಿಲ್ಲ.
ತಾಟು ಹಂಗ ಕುಕ್ಕೋದು ನನಗೂ ಬರತೈತಿ.

ಅಕಿ ಇಳದು ಬಂದು ಕಟ್ಟಿಮ್ಯಾಗ ಕುಂತ್ಲು.
ಬೀಸಣಿಗಿ ಕೊಟ್ಟೆ. ಏನೂ ಕೇಳ್ಲಿಲ್ಲ.

ಕುರುಗೋಡಿಂದ ನಾ ಬಂದಾಗ ನನಗ ಹತ್ತೊಂಬತ್ತು.
ಕರಿ ಹೊಲ, ಹತ್ತಿ, ಕಣ್ಣು ಹರದಷ್ಟೂ ಬಯಲು,
ಬರೋ ಬಸ್ಸಿನ ಧೂಳು ಬಸ್ಸಿಗಿಂತ ಮದಲ ಕಾಣೋ ಊರು ನಂದು.
ಇಲ್ಲಿ ಎತ್ತ ತಿರುಗಿದ್ರೂ ಕಲ್ಲು ಎದ್ದು ನಿಂತು
"ಯಾರಕಿ ನೀ" ಅಂತಿದ್ವು.
ಮೂರೂ ಹೊತ್ತು ಅನ್ನ.
ರೊಟ್ಟಿ ಬಡಿಯೋ ಸಪ್ಪಳ ಇಲ್ಲದ ಕಿವಿ ಹಸದಿತ್ತು.
ಒಂದು ಸಂಜಿ ಗಂಟು ಕಟಕೊಂಡು ಹೊಳಿ ದಂಡಿಗೆ ಹೋದೆ.
ಆಚಿಗೆ ತಳವಾರಘಟ್ಟ, ಅಲ್ಲಿಂದ ತವರು.
ಅಂಬಿಗ ಹರಗೋಲು ಬೋರಲು ಹಾಕಿ
ಅದರ ಮ್ಯಾಲೆ ಬೀಡಿ ಸೇದಕೋತ ಕುಂತಿದ್ದ.
"ಹೊತ್ತು ಮುಣಗೇತಿ. ನಾಳೆ ಬಾ ತಂಗಿ."
ನಾಳೆ ಅಕ್ಕಿ ನೆನಸೋದಿತ್ತು.
ನಾಡದು ಬಾಜೂದ ಮನಿ ಕುಬಸ.
ಹಂಗ ಇಪ್ಪತ್ತೆರಡು ವರ್ಷ.

ಇದನ್ನ ಅಕಿಗೆ ಹೇಳೋಣಂದ್ರ
ನನ್ನ ಇಂಗ್ಲಿಷ್ "ವಾಟರ್ ಕಮಿಂಗ್" ಅನ್ನೋವಷ್ಟು.
ಗಾಳ್ಯಾಗ ಹುಟ್ಟು ಹಾಕಿ ತೋರಿಸಿದೆ.
ಅಕಿ ಮುದ್ದಿ ತಿರುವಾಕ ಹತ್ಯಾಳ ಅನಕೊಂಡು
ಹಸಿವಿಲ್ಲ ಅಂತ ಹೊಟ್ಟಿ ಮುಟ್ಟಿ ತೋರಿಸಿದ್ಲು.

ನಸುಕಿನ್ಯಾಗ ನಾಲ್ಕಕ್ಕ ನಲ್ಲಿ ಸೂಂ ಅಂತು.
"ಮಾರೀ, ನೀರು!"
ಓಣಿ ಎರಡು ಕೊಡ ಹಿಡಕೊಂಡು ಇಳದ, ಹಿಂದ ಅಕಿ.
ಇಬ್ಬರಿಗೂ ಇನ್ನೂ ಮಾತಿಲ್ಲ.
ನನ್ನ ಕೊಡದ ಹಿಂದ ತಮ್ಮ ಕೊಡ ಇಟ್ಟು,
ನಡುವ ಯಾರಾರ ತಂದು ತುರುಕಿದ್ರ
ಬಿಡಂಗಿಲ್ಲ ಅನ್ನೋಹಂಗ
ಆಚೀಚಿಗೆ ನಿಂತ್ರು.