ಏಳನೇ ಕೋಣೆಯ ಮದುವೆ

ಸೋಮವಾರ ಮ್ಯೂಸಿಯಮ್ಮಿಗೆ ರಜೆ, ನನಗಲ್ಲ.
ಮುಸಫ್ಫಾದ ಕ್ಯಾಂಪಿನಿಂದ ನಸುಕಿನ ಬಸ್ಸು,
ಕಿಟಕಿಗೆ ಹೊರಗಿನಿಂದ ಬೆವರು.
ಅಬುಧಾಬಿಯಲ್ಲಿ ಗಾಜಿಗೂ ಸೆಕೆ.
ಎದೆಯ ಬಿಲ್ಲೆಯಲ್ಲಿ ನನ್ನ ಹೆಸರು ಹಿಡಿಸಲಿಲ್ಲ,
ಹುಲಿಗೆಮ್ಮನನ್ನು ಕತ್ತರಿಸಿ ‘ಹುಲಿ’ ಎಂದು ಬರೆದಿದ್ದಾರೆ.
ಹುಲಿ ಮಾಪು ಹಿಡಿದು ಏಳನೇ ಕೋಣೆಗೆ ಬರುತ್ತದೆ.

ಅಲ್ಲಿ ಗೋಡೆಯ ಮೇಲೊಂದು ಮದುವೆ.
ನಾನೂರು ವರ್ಷವಾದರೂ ಊಟ ಮುಗಿದಿಲ್ಲ.
ಬಿಳಿಯರ ಊರು, ಆದರೂ ಒಕ್ಕಲು ಮಂದಿ,
ಉಗುರು ನೋಡಿದರೇ ಗೊತ್ತಾಗುತ್ತದೆ.
ಮದುಮಗಳು ಕೂದಲು ಬಿಚ್ಚಿ ಕೂತಿದ್ದಾಳೆ:
ನಮ್ಮಲ್ಲಾದರೆ ಸಾವಿನ ಮನೆಯ ಗುರುತು,
ಅವರಲ್ಲಿ ಕನ್ನೆ ಎಂಬುದಕ್ಕೆ ರುಜು.
ನೆಲದ ಮೇಲೆ ಒಂದು ಬಿಳಿ ಗೆರೆ.
ಅದನ್ನು ದಾಟಿ ನೋಡುವಂತಿಲ್ಲ.

ಗೈಡಿನ ಮಾತನ್ನು ಕಾವಲಿನ ದಿಲ್ಮಾಯಾ
ಹಿಂದಿ ಮಾಡಿ ಹೇಳಿದ್ದಳು ಒಮ್ಮೆ:
ಮೂರು ಭಾನುವಾರ ಇಗರ್ಜಿಯಲ್ಲಿ ಹೆಸರು ಕೂಗುತ್ತಿದ್ದರಂತೆ,
ತಕರಾರಿದ್ದವರು ಎದ್ದು ನಿಲ್ಲಬಹುದು.
ಹೆರಿಗೆಯ ದಿನದಿಂದ ಹಿಂದಕ್ಕೆ
ಊರಿಗೂರೇ ಬೆರಳು ಮಡಚುವುದು.
ಲೆಕ್ಕ ತಪ್ಪಿದವಳು ಬಿಳಿಬಟ್ಟೆ ಸುತ್ತಿ, ಮೇಣದ ಬತ್ತಿ ಹಿಡಿದು
ಎಲ್ಲರೆದುರು ಬರಿಗಾಲಲ್ಲಿ ನಿಲ್ಲುವುದು.
‘ಅವನು?’ ಅಂದೆ.
ದಿಲ್ಮಾಯಾ ಕೇಳಿ ಬರಲಿಲ್ಲ, ನಕ್ಕಳು.

ನನ್ನದಕ್ಕೆ ಮೂರು ಭಾನುವಾರ ಬೇಕಾಗಲಿಲ್ಲ.
ಕೊನೆಯ ಬಸ್ಸು ತಪ್ಪಿದ ಸಂಜೆ
ಜಿನ್ನಿಂಗ್ ಮಿಲ್ಲಿನ ಲಾರಿಯಲ್ಲಿ ಬಂದು
ಹಳ್ಳದ ದಂಡೆಗೆ ಇಳಿದೆ.
ಇಳಿದದ್ದು ನಾನೊಬ್ಬಳು, ನೋಡಿದ್ದೂ ಒಬ್ಬಳು,
ಕೊಡ ತುಂಬುತ್ತಿದ್ದ ಬಾಳವ್ವ.
ಅವಳ ಕೊಡ ಮನೆ ಮುಟ್ಟುವಷ್ಟರಲ್ಲಿ
ನನ್ನ ಕೂದಲಿಗೆ ಹತ್ತಿದ್ದ ಅರಳೆ ಸಾಕ್ಷಿಯಾಯಿತು.
ಮಿಲ್ಲಿನ ನೂರು ಹೆಂಗಸರ ತಲೆಯಲ್ಲೂ ಅರಳೆ ಇತ್ತು.
ಬೀಗರಾಗಬೇಕಿದ್ದವರು
ಕುಬಸದ ಖಣ ವಾಪಸು ಕಳಿಸಿದರು,
ಮಡಿಕೆ ಕೆಡದಂತೆ.

ಇವತ್ತು ತಂಗಿ ಫಕೀರವ್ವನ ಅಕ್ಷತೆ.
ಮೂರು ತೊಲೆ ಇಲ್ಲಿಂದ ಹೋಗಿದೆ.
ಗಂಡಿನ ಸೋದರತ್ತೆ ಅಂದಳಂತೆ,
‘ಅಕ್ಕ ಅರಬರ ದೇಶದಾಗ ಇದ್ದಾಕಿ,
ಆಕಿ ಬರೂದು ಬ್ಯಾಡ.’
ಅದೇ ದೇಶದ ಬಂಗಾರವನ್ನು
ಎಲ್ಲಿದ್ದೆ, ಯಾರ ಜೋಡಿ ಇದ್ದೆ ಎಂದು ಯಾರೂ ಕೇಳಲಿಲ್ಲ.
ಅವ್ವ ಫೋನಿನಲ್ಲಿ ಮೆಲ್ಲಗೆ,
‘ರಜಾ ಸಿಗಲಿಲ್ಲ ಅಂತ ಹೇಳೀನವ್ವ ಎಲ್ಲಾರಿಗೂ.’
ಸಹಿಯಾದ ರಜೆಯ ಚೀಟಿ ನನ್ನ ಕಿಸೆಯಲ್ಲಿತ್ತು.
‘ಹೌದು, ಸಿಗಲಿಲ್ಲ’ ಅಂದೆ.

ಅಲ್ಲಿ ಹತ್ತೂ ನಲವತ್ತರ ಮುಹೂರ್ತ,
ಇಲ್ಲಿ ಒಂಬತ್ತೂ ಹತ್ತು.
ಬಕೀಟಿಗೆ ಆನಿಸಿಟ್ಟ ಫೋನಿನಲ್ಲಿ
ಶಾಮಿಯಾನದ ಝಾಲರಿ, ಯಾರದೋ ಮೊಣಕೈ,
ಒಂದು ಚಣ ಫಕೀರವ್ವನ ಬಾಸಿಂಗ.
ಸೋದರತ್ತೆ ಹತ್ತಿರ ಬಂದಳೇನೋ,
ಹಿಡಿದಿದ್ದ ಹುಡುಗ ಫೋನನ್ನು ಜೇಬಿಗೆ ಇಳಿಸಿದ.
ಅವನ ಜೇಬಿನ ಕತ್ತಲೆಯಲ್ಲಿ ನಿಂತು
ತಂಗಿಯ ಮದುವೆ ನೋಡಿದೆ.
ವಾಲಗ ಬಟ್ಟೆ ಸುತ್ತಿಕೊಂಡು ಬರುತ್ತಿತ್ತು.

ಚಿತ್ರದ ಎಡಕ್ಕೆ, ಕದದ ಸಂದಿಯಲ್ಲಿ, ಅರ್ಧ ಮುಖ.
ಗೈಡು ಅವಳ ಬಗ್ಗೆ ಏನೂ ಹೇಳುವುದಿಲ್ಲ.
ಮೊದಮೊದಲು ನಾನು ಅಂದುಕೊಂಡಿದ್ದೆ
ಅಳುತ್ತಿದ್ದಾಳೆ ಎಂದು.
ಇಲ್ಲ. ಅವಳ ಕಣ್ಣು ರೊಟ್ಟಿಯ ಬುಟ್ಟಿಯ ಮೇಲಿದೆ.
ಅವಳಿಗೆ ಹಸಿವು.

ವಾಲಗ ಏರಿತು.
ನಿನ್ನೆಯ ಬಿರಿಯಾನಿಯಿಂದ ಆರಿಸಿ ಒಣಗಿಸಿದ
ಏಳೆಂಟು ಹಳದಿ ಕಾಳು ಮುಷ್ಟಿಯಲ್ಲಿದ್ದವು.
ಎಸೆದೆ.
ಕಂಬಕ್ಕೆ ಕಟ್ಟಿದ ಕ್ಯಾಮರಾ ಕೆಮ್ಮಿತು:
‘ಹುಲಿ, ಗೆರೆಯಿಂದ ಹಿಂದೆ ಸರಿ.’
ಸರಿದೆ.

ಮೂರು ಕಾಳು ಆಚೆ ಬಿದ್ದಿದ್ದವು.
ಒರೆಸುವುದಕ್ಕೆ ದಾಟಿದೆ.
ಒರೆಸುವುದಕ್ಕೆ ದಾಟಿದರೆ
ಯಾರೂ ಏನೂ ಅನ್ನುವುದಿಲ್ಲ.